ಮಹಾಮಾರಿಯ ಕಾಲದ ಮಾರಾ ಯಾತ್ರೆ

ನಮ್ಮ ವಾಚಕರಲ್ಲಿ ಕೆಲವರು, ವಿಶೇಷವಾಗಿ ಮಾಟುಂಗಾ ಹಾಗೂ ಫೋರ್ಟ್ ವಿಭಾಗದ ಹೋಟೆಲ್ ಬಂಧುಗಳು, ಭೇಟಿಯಾದಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತಲೇ ಬಂದಿದ್ದಾರೆ. “ಕೊರೋನಾ ಕಾಲದಲ್ಲಿ ತಾವು ಸಕುಟುಂಬರಾಗಿ ಆಫ್ರಿಕಾಕ್ಕೆ ಹೋಗಿ ಸಿಂಹಗಳನ್ನು ನೋಡಿ ಬಂದಿರಂತೆ. ಸಂಘಗಳ ವಾರ್ಷಿಕೋತ್ಸವ, ತಾಳಮದ್ದಳೆಗಳ ಬಗ್ಗೆ ಅಂಕಣ ತುಂಬ ಬರೆಯುವ ತಾವು ಇದನ್ನೇಕೆ ಬರೆಯಲಿಲ್ಲ?” ನಾವು ಪ್ರತಿ ಸಲವೂ “ಬರೆಯೋಣ, ಬರೆಯೋಣ” ಎಂದು ತಪ್ಪಿಸಿಕೊಳ್ಳುತ್ತಿದ್ದೆವು. ಅದಕ್ಕೆ ಕಾರಣವಿತ್ತು. ಆ ಯಾತ್ರೆಯ ಕಥೆಯನ್ನು ಬರೆಯಹೊರಟರೆ ಸಿಂಹದ ಸಂಗತಿಯೊಡನೆ ನಮ್ಮ ಹೋಟೆಲಿನ ಸಂಗತಿಯನ್ನೂ ಬರೆಯಬೇಕಾಗುತ್ತಿತ್ತು. ಇಂದು ಎರಡನ್ನೂ ಬರೆಯುತ್ತಿದ್ದೇವೆ.

ಆಗ ನಾವು ಪತ್ರಿಕೆಯ ಕೆಲಸಕ್ಕೆ ಬಂದಿರಲಿಲ್ಲ. ಗಲ್ಲೆಯ ಮೇಲೆಯೇ ಕುಳಿತಿದ್ದೆವು. ೨೦೨೦ರ ಜನವರಿಯಲ್ಲಿ, ಚೀನಾ ದೇಶದ ವುಹಾನ್ ನಗರದಲ್ಲಿ ಹೊಸತೊಂದು ಜ್ವರ ಹಬ್ಬಿದೆಯೆಂಬ ಸುದ್ದಿ ಪತ್ರಿಕೆಗಳ ಒಳಪುಟಗಳಲ್ಲಿ ಬರುತ್ತಿದ್ದ ದಿನಗಳಲ್ಲಿ, ಮೇ ತಿಂಗಳ ರಜೆಗೆ ಕೀನ್ಯಾ ದೇಶದ ಪ್ರವಾಸಕ್ಕೆಂದು ಒಂದು ಪ್ರವಾಸ ಸಂಸ್ಥೆಯಲ್ಲಿ ೨,೪೦,೦೦೦ ರೂಪಾಯಿ ಮುಂಗಡ ಕಟ್ಟಿದೆವು. ಹತ್ತು ವರ್ಷದ ಮಗನಿಗೆ ದೂರದರ್ಶನದಲ್ಲಿ ಮೃಗಗಳನ್ನು ನೋಡುವ ಹುಚ್ಚು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದೂ ಮನೆಯವರನ್ನು ಊರಿನ ಹೊರತು ಬೇರೆಲ್ಲಿಗೂ ಕರೆದೊಯ್ಯದ ಅಪರಾಧ ನಮ್ಮ ತಲೆಯ ಮೇಲಿತ್ತು. ಹೀಗಾಗಿ ಒಪ್ಪಿದೆವು.

ಮುಂದಿನದು ವಾಚಕರಿಗೆ ವಿದಿತವೇ ಇದೆ. ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ನಮ್ಮ ಹೋಟೆಲಿನಲ್ಲಿ ಆಗ ೨೨ ಮಂದಿ ಇದ್ದರು: ಅಡಿಗೆಯ ಭಟ್ಟರು, ಸಪ್ಲಾಯರುಗಳು, ಚಹಾದವನು, ಮೋರಿಯ ಹುಡುಗರು ಎಲ್ಲರೂ ಸೇರಿ. ಮಾರ್ಚ್ ತಿಂಗಳ ಸಂಬಳವನ್ನು ಪೂರ್ಣ ಕೊಟ್ಟೆವು, ಏಪ್ರಿಲಿನದು ಅರ್ಧ. ಅಲ್ಲಿಯವರೆಗೆ ಹೋಟೆಲಿನ ದಾಸ್ತಾನಿನ ಅಕ್ಕಿಬೇಳೆಯಿಂದ ಅಲ್ಲಿಯೇ ಬೇಯಿಸಿಕೊಂಡು ಉಂಡರು. ಮೇ ತಿಂಗಳಲ್ಲಿ ನಾವು ಕೈಯೆತ್ತಿದೆವು. “ಸದ್ಯ ಊರಿಗೆ ಹೋಗಿ, ಬಾಗಿಲು ತೆರೆದ ದಿನ ಕರೆಸಿಕೊಳ್ಳುತ್ತೇವೆ” ಎಂದೆವು. ಅವರು ಹೇಗೋ ಬಸ್ಸು ಹಿಡಿದು ಕುಂದಾಪುರ, ಬೈಂದೂರುಗಳ ಕಡೆಗೆ ಹೊರಟರು. ಅಲ್ಲಿ ಅವರನ್ನು ಶಾಲೆಗಳಲ್ಲಿ ಇರಿಸಿದರು. “ಮುಂಬಯಿಯಿಂದ ಬಂದವರು” ಎಂಬುದೇ ಆ ದಿನಗಳಲ್ಲಿ ಒಂದು ರೋಗದ ಹೆಸರಾಗಿತ್ತು. ಹುಟ್ಟಿದ ಊರಿನಲ್ಲಿಯೇ ಬಾವಿಯ ನೀರು ಸೇದಲು ಹಿಂದೆಮುಂದೆ ನೋಡಬೇಕಾಗಿ ಬಂದವರು ನಮ್ಮ ವಾಚಕರಲ್ಲಿಯೂ ಇದ್ದಾರೆ.

ಪ್ರವಾಸ ಸಂಸ್ಥೆಯವರನ್ನು ಮುಂಗಡ ಹಿಂದಿರುಗಿಸಿರೆಂದು ಕೇಳಿದೆವು. ಹಣ ಅದಾಗಲೇ ಕೀನ್ಯಾಕ್ಕೆ ಹೋಗಿದೆ, ಮರಳಿ ಬಾರದು, ಆದರೆ ೨೦೨೧ರ ಡಿಸೆಂಬರ್ ಕೊನೆಯೊಳಗೆ ಯಾವಾಗ ಬೇಕಾದರೂ ಪ್ರವಾಸ ಮಾಡಬಹುದೆಂದು ಉತ್ತರ ಬಂತು. ಲೆಕ್ಕ ಬಲ್ಲ ಓದುಗರು ಗಮನಿಸಿರಬಹುದು: ಆ ಮೊತ್ತವು ನಮ್ಮ ೨೨ ಮಂದಿಯ ಒಂದು ತಿಂಗಳ ಸಂಬಳಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು. ನಾವೂ ಅಂದು ಅದನ್ನು ಗಮನಿಸಿದ್ದೆವು. ಗಮನಿಸಿ ಸುಮ್ಮನಿದ್ದೆವು.

೨೦೨೦ರ ಅಕ್ಟೋಬರ್ ೫ರಂದು ಅರ್ಧ ಕುರ್ಚಿಗಳೊಡನೆ ಹೋಟೆಲು ತೆರೆಯಲು ಅಪ್ಪಣೆಯಾಯಿತು. ಕರೆದಾಗ ಬಂದವರು ಒಂಬತ್ತು ಮಂದಿ. ೨೦೨೧ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಮತ್ತೆ ಮುಚ್ಚಿದೆವು, ಮಳೆಗಾಲದಲ್ಲಿ ಮತ್ತೆ ತೆರೆದೆವು. ಅಷ್ಟರಲ್ಲಿ ಡಿಸೆಂಬರ್ ಸಮೀಪಿಸುತ್ತ ಬಂತು. ಹೋಗದಿದ್ದರೆ ಕಟ್ಟಿದ ಹಣ ಹೋಗುತ್ತದೆ. ಹೋದರೆ ಇನ್ನಷ್ಟು ಹಣ ಹೋಗುತ್ತದೆ. ಮನೆಯಲ್ಲಿ ಎಂಟು ದಿನ ಚರ್ಚೆ ನಡೆಯಿತು. “ಆನೆ ಬಂಡೀಪುರದಲ್ಲಿ ಇಲ್ಲವೆ? ಹುಲಿ ನಾಗರಹೊಳೆಯಲ್ಲಿ ಇಲ್ಲವೆ? ಇಂಥ ಕಾಲದಲ್ಲಿ ಸಮುದ್ರ ದಾಟುವುದೇಕೆ?” ಎಂದರು ನಮ್ಮ ತಾಯಿಯವರು. “ಅಜ್ಜಿ, ಸಿಂಹ ಅಲ್ಲೆರಡೂ ಕಡೆ ಇಲ್ಲ” ಎಂದ ಮಗ. ಒಂದೂವರೆ ವರ್ಷದಿಂದ ಎರಡು ಕೋಣೆಗಳ ಮನೆಯಲ್ಲಿ, ಅಂಗೈಯಗಲದ ಫೋನಿನಲ್ಲಿ ಶಾಲೆ ಕಲಿತ ಹುಡುಗನ ಮುಖ ನೋಡಿ ಕಡೆಗೆ ಒಪ್ಪಿದವರು ಅವರೇ. ಆದರೆ ತಾವು ಬರಲಿಲ್ಲ. ಕೀನ್ಯಾಕ್ಕೆ ಹೋಗಿ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚಿತವಾಗಿಯೇ ಹಾಕಿಸಿಕೊಂಡಿರಬೇಕು; ಅರುವತ್ತು ದಾಟಿದವರಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಎಪ್ಪತ್ತೊಂದರ ತಾಯಿಯವರು ಡೊಂಬಿವಿಲಿಯಲ್ಲಿ ತಂಗಿಯ ಮನೆಗೆ ಹೋದರು.

ಕಾಗದಪತ್ರಗಳ ಪುರಾಣವನ್ನು ಬೆಳೆಸುವುದಿಲ್ಲ. ಹಳದಿ ಜ್ವರದ ಪುಸ್ತಿಕೆ, ವೀಸಾ, ಹೊರಡುವ ೯೬ ಗಂಟೆಗಳೊಳಗಿನ ಆರ್‌ಟಿಪಿಸಿಆರ್ ಪರೀಕ್ಷೆಯ ವರದಿ, ಆ ವರದಿ ನಿಜವೆಂದು ಸಾರುವ ಇನ್ನೊಂದು ಸಂಕೇತ. ಭಾರತದಿಂದ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ೨೦೨೦ರ ಮಾರ್ಚ್ ೨೩ರಿಂದಲೇ ನಿಂತಿದ್ದುವು; ಏರ್ ಬಬಲ್ ಎಂಬ ಪರಸ್ಪರ ಒಪ್ಪಂದವಿದ್ದ ದೇಶಗಳಿಗೆ ಮಾತ್ರ ಕೆಲವು ವಿಮಾನಗಳು ಹಾರುತ್ತಿದ್ದುವು. ಕೀನ್ಯಾ ಅಂಥ ದೇಶಗಳಲ್ಲೊಂದು. ಆ ದೇಶವೂ ನಮ್ಮ ಎರಡನೆಯ ಅಲೆಯ ಭಯದಿಂದ ೨೦೨೧ರ ಏಪ್ರಿಲ್ ಕೊನೆಯಲ್ಲಿ ಭಾರತದ ಪ್ರಯಾಣಿಕರಿಗೆ ಬಾಗಿಲು ಹಾಕಿ, ತರುವಾಯ ತೆರೆದಿತ್ತು. ಕುಂದಾಪುರಕ್ಕೆ ಮುಂಬಯಿ ಹೇಗಿತ್ತೋ ಜಗತ್ತಿಗೆ ಆಗ ಭಾರತ ಹಾಗಿತ್ತು.

೨೦೨೧ರ ಅಕ್ಟೋಬರ್ ೧೨ರಂದು ನಾವು, ನಮ್ಮ ಮನೆಯವರು, ಕಾಲೇಜಿಗೆ ಹೋಗುವ ಮಗಳು ಮತ್ತು ಮಗ, ಹೀಗೆ ನಾಲ್ವರು ಮುಖಗವಚ ಧರಿಸಿ ವಿಮಾನ ಏರಿದೆವು. ಆರು ಗಂಟೆಯ ಪ್ರಯಾಣ. ಯಾರಾದರೊಬ್ಬರು ಕೆಮ್ಮಿದರೆ ನೂರು ತಲೆಗಳು ತಿರುಗುತ್ತಿದ್ದುವು.

ಹೋಟೆಲಿ, ಚಪಾತಿ, ಚಾಯ್

ನೈರೋಬಿ ನಗರವು ಭೂಮಧ್ಯರೇಖೆಗೆ ಸಮೀಪವಿದ್ದರೂ ಐದೂವರೆ ಸಾವಿರ ಅಡಿಗೂ ಮಿಕ್ಕಿ ಎತ್ತರದಲ್ಲಿರುವುದರಿಂದ ಅಲ್ಲಿಯ ಹವೆ ನಮ್ಮ ಮಡಿಕೇರಿಯಂತಿದೆ. ೧೮೯೯ರಲ್ಲಿ ರೈಲು ಹಾಕುವವರು ಬಿಡಾರ ಹೂಡಿದ ಜಾಗವೇ ಬೆಳೆದು ರಾಜಧಾನಿಯಾಯಿತು. ಮೊಂಬಾಸಾ ಬಂದರಿನಿಂದ ಒಳನಾಡಿಗೆ ಆ ಹಳಿಯನ್ನು ಹಾಸಿದವರು ಭಾರತದಿಂದ, ಬಹುಮಟ್ಟಿಗೆ ಪಂಜಾಬಿನಿಂದ, ಹೋದ ಸುಮಾರು ೩೨,೦೦೦ ಕೂಲಿಗಳು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಡಿದರು. ೧೮೯೮ರಲ್ಲಿ ತ್ಸಾವೋ ಎಂಬಲ್ಲಿ ಎರಡು ನರಭಕ್ಷಕ ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಹೊತ್ತೊಯ್ದ ಕಥೆ ಜಗತ್ಪ್ರಸಿದ್ಧವಾಗಿದೆ.

ಅವರು ಬಿಟ್ಟುಹೋದ ಗುರುತು ಇಂದಿಗೂ ಬಾಯಲ್ಲಿದೆ. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಚಹಾಕ್ಕೆ ಚಾಯ್, ಬಂಡಿಗೆ ಗಾರಿ, ಅಂಗಡಿಗೆ ದೂಕಾ, ಚಪಾತಿ ಚಪಾತಿಯೇ. ಇನ್ನು ನಮ್ಮ ಮಂದಿಗೆ ಸಂತೋಷವಾಗುವ ಸಂಗತಿ: ಇಂಗ್ಲಿಷಿನವರು ಹೋಟೆಲೆಂದರೆ ತಂಗುವ ಮನೆಯೆನ್ನುತ್ತಾರಷ್ಟೆ, ಕೀನ್ಯಾದ ಜನ ನಮ್ಮ ಹಾಗೆಯೇ ಊಟತಿಂಡಿ ದೊರೆಯುವ ಸಾಮಾನ್ಯ ಅಂಗಡಿಗೆ “ಹೋಟೆಲಿ” ಎನ್ನುತ್ತಾರೆ. ಬೋರ್ಡು ಓದಿದೊಡನೆ ನಮ್ಮ ಮನಸ್ಸು ಹಗುರವಾಯಿತು. ಸಫಾರಿ ಎಂಬ ಶಬ್ದವೂ ಸ್ವಾಹಿಲಿಯದೇ. ಅರಬ್ಬಿಯ ಸಫರ್‌ನಿಂದ ಹುಟ್ಟಿದ್ದು, ಕೇವಲ ಪ್ರಯಾಣವೆಂದರ್ಥ. ನಮ್ಮಲ್ಲಿ ಸಫಾರಿಯೆಂದರೆ ಬಹುಕಾಲ ಗುತ್ತಿಗೆದಾರರು ತೊಡುವ ಅರ್ಧ ತೋಳಿನ ಕೋಟೆಂದೇ ತಿಳಿದಿದ್ದೆವು.

ಮರುದಿನ ಮುಂಜಾನೆ ಒಬ್ಬ ವೃದ್ಧ ಚಾಲಕರು ಜೀಪಿನಂಥ ಎತ್ತರದ ಗಾಡಿಯನ್ನು ತಂದರು. ಅರುವತ್ತರ ಆಸುಪಾಸು, ನರೆತ ಕೂದಲು, ಮೃದು ಮಾತು. ಮಾಸಾಯಿ ಮಾರಾ ಅಲ್ಲಿಂದ ಸುಮಾರು ೨೭೦ ಕಿಲೋಮೀಟರು. ನಗರ ದಾಟಿ ಒಂದು ಗಂಟೆಯಲ್ಲಿ ನೆಲವೇ ಬಿರಿದು ಕೆಳಗಿಳಿದಂತೆ ಮಹಾ ಕಣಿವೆ ಕಾಣಿಸಿತು. ನಮ್ಮ ಆಗುಂಬೆಯ ಘಟ್ಟದ ತುದಿಯಲ್ಲಿ ನಿಂತು ನೋಡಿದಂತೆ. ಆದರೆ ಕೆಳಗೆ ಹಸಿರಿಲ್ಲ, ಕಂದು ಬಯಲು. ಇಳಿಜಾರಿನಲ್ಲಿ ಪುಟ್ಟ ಇಗರ್ಜಿಯೊಂದಿದೆ. ಆ ರಸ್ತೆಯನ್ನು ಕಡಿದ ಇಟಲಿಯ ಯುದ್ಧಕೈದಿಗಳು ೧೯೪೨ರಲ್ಲಿ ಕಟ್ಟಿದ್ದಂತೆ. ರಸ್ತೆಯುದ್ದಕ್ಕೂ ಪ್ರವಾಸಿಗಳಿಗೆ ಮರದ ಗೊಂಬೆ, ಮಣಿಸರ ಮಾರುವ ಅಂಗಡಿಗಳಿದ್ದುವು, ಅರ್ಧಕ್ಕರ್ಧ ಮುಚ್ಚಿದ್ದುವು. ೨೦೧೯ರಲ್ಲಿ ಸುಮಾರು ೨೦ ಲಕ್ಷ ವಿದೇಶೀಯರು ಕಾಲಿಟ್ಟ ದೇಶಕ್ಕೆ ೨೦೨೦ರಲ್ಲಿ ಬಂದವರು ೬ ಲಕ್ಷಕ್ಕೂ ಕಡಿಮೆ.

ಚಾಲಕರು ದಾರಿಯಲ್ಲಿ ತಮ್ಮ ಕಥೆಯನ್ನು ಹೇಳಿದರು. ನಮ್ಮ ಎಸ್.ಎಸ್.ಎಲ್.ಸಿ. ಇಂಗ್ಲಿಷು ನಿಂತಲ್ಲಿ ಮಗಳು ಕೈಹಿಡಿಯುತ್ತಿದ್ದಳು. ಗಾಡಿ ವರ್ಷಕ್ಕೂ ಮಿಕ್ಕಿ ಇಟ್ಟಿಗೆಯ ಮೇಲೆ ನಿಂತಿತ್ತು. ಅವರು ಊರಿಗೆ ಹೋಗಿ ಹಾಲು ಮಾರಿದರು. “ನಿಮ್ಮ ದೇಶದ ಮದ್ದು ನನ್ನ ತೋಳಿನಲ್ಲಿದೆ” ಎಂದು ನಕ್ಕರು. ೨೦೨೧ರ ಮಾರ್ಚ್ ೩ರಂದು ಕೀನ್ಯಾಕ್ಕೆ ಬಂದಿಳಿದ ಮೊದಲ ೧೦ ಲಕ್ಷ ೨೦ ಸಾವಿರ ಲಸಿಕೆಗಳು ಪುಣೆಯ ಸೀರಮ್ ಸಂಸ್ಥೆಯಲ್ಲಿ ತಯಾರಾದುವು. ಬಳಿಕ ನಮ್ಮಲ್ಲಿಯೇ ಹೆಣಗಳ ಸಾಲು ನಿಂತಾಗ ಭಾರತ ರಫ್ತನ್ನು ತಡೆಹಿಡಿಯಿತು; ಕೀನ್ಯಾದಲ್ಲಿ ಮೊದಲ ಚುಚ್ಚುಮದ್ದು ಪಡೆದವರು ಎರಡನೆಯದಕ್ಕಾಗಿ ಕಾದು ಕುಳಿತರು. ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ತಡವಾಯಿತೆಂದು ಹೇಳುವ ರೈತನಂತೆ ಹೇಳಿದರು. ಆ ತಿಂಗಳುಗಳಲ್ಲಿಯೇ ನಾವು ದಾದರಿನಲ್ಲಿ ಸಾಲಿನಲ್ಲಿ ನಿಂತು ಎರಡನೆಯದನ್ನು ಹಾಕಿಸಿಕೊಂಡಿದ್ದೆವು.

ಹುಲ್ಲಿನ ಸಮುದ್ರ

ಮಾರಾ ಎಂದರೆ ಅಲ್ಲಿಯ ಮಾಸಾಯಿ ಜನರ ಭಾಷೆಯಲ್ಲಿ ಚುಕ್ಕೆಚುಕ್ಕೆಯಾದದ್ದು ಎಂದರ್ಥ. ದಿಗಂತದವರೆಗೆ ಹುಲ್ಲು, ನಡುನಡುವೆ ಕೊಡೆ ಹಿಡಿದಂತೆ ಒಂದೊಂದು ಮರ. ಆ ಮರಗಳೇ ಚುಕ್ಕೆಗಳು. “ಅಪ್ಪ, ಮರಗಳಿಂದಲೇ ಮಾರಾ ಆಯಿತು” ಎಂದಳು ಮಗಳು; ಭಾಷಾಶಾಸ್ತ್ರಜ್ಞರು ಕ್ಷಮಿಸಬೇಕು. ಮೀಸಲು ಪ್ರದೇಶದ ವಿಸ್ತಾರ ೧,೫೧೦ ಚದರ ಕಿಲೋಮೀಟರು. ದಕ್ಷಿಣದಲ್ಲಿ ಟಾಂಜಾನಿಯಾದ ಸೆರೆಂಗೆಟಿ. ಅದು ಇದರ ಸುಮಾರು ಹತ್ತರಷ್ಟು. ನಡುವೆ ಎರಡು ರಾಷ್ಟ್ರಗಳ ಗಡಿ ಹಾದುಹೋಗುತ್ತದೆ, ಬೇಲಿಯಿಲ್ಲ. ಮೃಗಗಳು ಪಾಸ್‌ಪೋರ್ಟಿಲ್ಲದೆ, ಮೂಗಿಗೆ ಕಡ್ಡಿ ಹಾಕಿಸಿಕೊಳ್ಳದೆ ಅತ್ತಿಂದಿತ್ತ ಹೋಗುತ್ತಿದ್ದುವು. ಆ ವರ್ಷ ಅಂಥ ಸ್ವಾತಂತ್ರ್ಯ ಅವುಗಳಿಗಷ್ಟೇ ಇತ್ತು.

ಮರುದಿನ ಅಕ್ಟೋಬರ್ ೧೪, ಆಯುಧಪೂಜೆ. ಮುಂಜಾನೆ ಆರಕ್ಕೆ ಚಳಿಯಲ್ಲಿ ನಡುಗುತ್ತ ಗಾಡಿಯ ಬಳಿ ಬಂದಾಗ ನಮ್ಮ ಮನೆಯವರು ಚೀಲದಿಂದ ಕುಂಕುಮದ ಭರಣಿ ತೆಗೆದು ಗಾಡಿಯ ಮುಂಭಾಗಕ್ಕೆ ಬೊಟ್ಟಿಟ್ಟು, ಶಿಬಿರದ ಅಂಗಳದ ಕೆಂಪು ಹೂವೊಂದನ್ನು ಸಿಕ್ಕಿಸಿದರು. ಚಾಲಕರು ಕಾರಣ ಕೇಳಿದರು. ದುಡಿಯುವ ಉಪಕರಣಗಳಿಗೆ ಇಂದು ನಮ್ಮಲ್ಲಿ ಪೂಜೆಯೆಂದು ಮಗಳು ತಿಳಿಸಿದಳು. ಅವರು ಟೊಪ್ಪಿಗೆ ತೆಗೆದು ನಿಂತರು. “ಎಷ್ಟೋ ತಿಂಗಳು ಇದರ ಮೇಲೆ ಕೋಳಿಗಳು ಕೂರುತ್ತಿದ್ದುವು” ಎಂದರು.

ಒಂದು ಗಂಟೆಯೊಳಗೆ ಸಿಂಹಗಳನ್ನು ಕಂಡೆವು. ಮೂರು ಸಿಂಹಿಣಿಗಳು, ಐದು ಮರಿಗಳು, ದೂರದ ಪೊದೆಯ ನೆರಳಿನಲ್ಲಿ ಕೇಸರದ ಯಜಮಾನ. ಗಂಡು ಸಿಂಹ ದಿನಕ್ಕೆ ಇಪ್ಪತ್ತು ಗಂಟೆ ಮಲಗುತ್ತದೆಯಂತೆ. ಹೋಟೆಲಿನ ಕೆಲವು ಮಾಲೀಕರ ನೆನಪಾಯಿತು. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬಾ ಎನ್ನುತ್ತಾರೆ. ಸಂಸ್ಕೃತದ ಸಿಂಹಕ್ಕೂ ಇದಕ್ಕೂ ಕೇವಲ ಆಕಸ್ಮಿಕ ಸಾಮ್ಯವಾದರೂ ಮಗನಿಗೆ ಅದನ್ನು ಒಪ್ಪಿಸಲಾಗಲಿಲ್ಲ. ಅವನು ಮುಖಗವಚವನ್ನು ಗದ್ದಕ್ಕಿಳಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದ. ಸಾಮಾನ್ಯ ವರ್ಷಗಳಲ್ಲಿ ಒಂದು ಸಿಂಹದ ಸುತ್ತ ಇಪ್ಪತ್ತು ಮೂವತ್ತು ಗಾಡಿಗಳು ಮುತ್ತಿಕೊಳ್ಳುತ್ತವೆಯಂತೆ. ಅಂದು ಇದ್ದುದು ನಮ್ಮದೊಂದೇ. ಮರಿಯೊಂದು ಬಂದು ಗಾಡಿಯ ಗಾಲಿಯನ್ನು ಮೂಸಿ ನೋಡಿ, ಅಲ್ಲಿಯೇ ನೆರಳಿನಲ್ಲಿ ಮಲಗಿತು. ಅದೆದ್ದು ಹೋಗುವವರೆಗೆ ಮುಕ್ಕಾಲು ಗಂಟೆ ನಾವು ಕದಲಲಿಲ್ಲ. ಮನೆಯಲ್ಲಿ ಐದು ನಿಮಿಷ ಒಂದೆಡೆ ಕೂರದ ಮಗ ಮುಕ್ಕಾಲು ಗಂಟೆಯೂ ಮಾತಾಡಲಿಲ್ಲ. ಕಡೆಗೆ, “ಅಪ್ಪ, ಇದಕ್ಕೆ ಕೊರೋನಾ ಗೊತ್ತಿಲ್ಲ ಅಲ್ಲವೆ?” ಎಂದ.

ಚೀತಾವನ್ನೂ ಕಂಡೆವು. ನಮ್ಮ ದೇಶದಲ್ಲಿ ಅದು ನಿರ್ನಾಮವಾಯಿತೆಂದು ೧೯೫೨ರಲ್ಲಿಯೇ ಸಾರಿದ್ದರು. ನಾವು ಮರಳಿದ ಮರುವರ್ಷ, ೨೦೨೨ರ ಸೆಪ್ಟೆಂಬರಿನಲ್ಲಿ, ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟಾಗ ಮಗನು ಮನೆಯಲ್ಲಿ ತಜ್ಞನಂತೆ ಭಾಷಣ ಮಾಡಿದ.

ಆದರೆ ಮಾರಾದ ನಿಜವಾದ ವಿಸ್ಮಯ ಸಿಂಹವಲ್ಲ, ವೈಲ್ಡ್‌ಬೀಸ್ಟ್ ಎಂಬ ಕುರೂಪಿ ಪ್ರಾಣಿ. ದನದ ಕೊಂಬು, ಕುದುರೆಯ ಬಾಲ, ಆಡಿನ ಗಡ್ಡ. ಬ್ರಹ್ಮನು ಉಳಿದ ಸಾಮಾನುಗಳಿಂದ ಸಂಜೆ ಹೊತ್ತಿಗೆ ಮಾಡಿದಂತಿದೆ. ವರ್ಷಾರಂಭದಲ್ಲಿ ಸೆರೆಂಗೆಟಿಯ ದಕ್ಷಿಣದಲ್ಲಿ ಕರು ಹಾಕಿ, ಮಳೆಯ ಹುಲ್ಲನ್ನು ಹಿಂಬಾಲಿಸುತ್ತ ಉತ್ತರಕ್ಕೆ ಬಂದು, ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾದಲ್ಲಿದ್ದು, ಮತ್ತೆ ಹಿಂದಿರುಗುತ್ತವೆ. ಸಂಖ್ಯೆ ೧೩ ಲಕ್ಷವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದರು. ೨೦೨೫ರಲ್ಲಿ ಉಪಗ್ರಹ ಚಿತ್ರಗಳಿಂದ ಎಣಿಸಿದ ವಿಜ್ಞಾನಿಗಳು ಅದರ ಅರ್ಧದಷ್ಟೂ ಕಾಣುವುದಿಲ್ಲವೆಂದಿದ್ದಾರೆ. ಮೂರನೆಯ ದಿನ ಮಾರಾ ನದಿಯನ್ನು ಅವು ದಾಟುವುದನ್ನು ನೋಡಿದೆವು. ದಡದಲ್ಲಿ ಎರಡು ಗಂಟೆ ಗುಂಪಾಗಿ ನಿಂತು ಹಿಂಜರಿದುವು. ಕೆಳಗೆ ಮೊಸಳೆಗಳು ಮರದ ದಿಮ್ಮಿಗಳಂತೆ ತೇಲುತ್ತಿದ್ದುವು. ಮುಂದಿನದೊಂದು ಧುಮುಕಿದೊಡನೆ ಸಾವಿರಗಟ್ಟಲೆ ಅದರ ಹಿಂದೆ. ಒಂದು ಕರು ನಡುನೀರಿನಲ್ಲಿ ಮಾಯವಾಯಿತು. ತಾಯಿ ಆಚೆ ದಡ ಸೇರಿ ಹಿಂದಿರುಗಿ ನೋಡುತ್ತ ನಿಂತಿತ್ತು. ನಮ್ಮ ಮನೆಯವರು ಮುಖ ತಿರುಗಿಸಿಕೊಂಡರು.

ಅಂದು ಸಂಜೆ ಚಾಲಕರು ಹೇಳಿದ ಒಂದು ಸಂಗತಿಯನ್ನು, ಬಳಿಕ ಪುಸ್ತಕಗಳಲ್ಲಿಯೂ ನೋಡಿ ಖಚಿತಪಡಿಸಿಕೊಂಡು, ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಹಳ್ಳಿಗಳ ಹಿರಿಯರು ದೊಡ್ಡರೋಗವೆನ್ನುತ್ತಿದ್ದ ದನಗಳ ಮಾರಿ ಪೂರ್ವ ಆಫ್ರಿಕಾಕ್ಕೆ ಕಾಲಿಟ್ಟದ್ದು ೧೮೮೭ರ ಸುಮಾರಿಗೆ, ಇಟಲಿಯ ಸೈನ್ಯಕ್ಕಾಗಿ ಹಡಗಿನಲ್ಲಿ ತಂದ ದನಗಳ ಮೂಲಕ. ಅವು ಭಾರತದ ದನಗಳೇ ಎನ್ನುವವರುಂಟು. ಹತ್ತು ವರ್ಷಗಳಲ್ಲಿ ಅದು ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ದನವೇ ಧನವಾಗಿದ್ದ ಮಾಸಾಯಿಗಳು ಹಸಿವಿನಿಂದ ಸತ್ತರು. ಕಾಡಿನ ವೈಲ್ಡ್‌ಬೀಸ್ಟ್, ಕಾಡೆಮ್ಮೆಗಳೂ ಸತ್ತುವು. ೧೯೬೦ರ ಸುಮಾರಿಗೆ ನೈರೋಬಿಯ ಬಳಿಯ ಮುಗೂಗಾದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯನು ಉತ್ತಮ ಲಸಿಕೆಯೊಂದನ್ನು ಸಿದ್ಧಪಡಿಸಿದ. ಲಸಿಕೆ ಹಾಕಿದ್ದು ಊರದನಗಳಿಗೆ ಮಾತ್ರ. ಆದರೆ ದನಗಳಿಂದ ಕಾಡಿಗೆ ರೋಗ ಹರಿಯುವುದು ನಿಂತು, ಎರಡೂವರೆ ಲಕ್ಷಕ್ಕೆ ಇಳಿದಿದ್ದ ವೈಲ್ಡ್‌ಬೀಸ್ಟ್ ೧೯೭೦ರ 
ದಶಕದ ಕೊನೆಗೆ ೧೩ ಲಕ್ಷಕ್ಕೇರಿದುವು. ೨೦೧೧ರಲ್ಲಿ ಆ ರೋಗವೇ ಭೂಮಿಯಿಂದ ತೊಲಗಿತೆಂದು ಸಾರಲಾಯಿತು. ಒಬ್ಬರಿಗೆ ಹಾಕಿದ ಮದ್ದು ಇನ್ನೊಬ್ಬರನ್ನು ಉಳಿಸುತ್ತದೆಂದು ನಮ್ಮ ಕಟ್ಟಡದ ಮೂರನೆಯ ಮಹಡಿಯವರಿಗೆ ಎಷ್ಟು ಹೇಳಿದರೂ ತಿಳಿದಿರಲಿಲ್ಲ.

ಅಡಿಗೆಮನೆಯಲ್ಲಿ

ಇನ್ನು ಶಿಬಿರದ ವಿಷಯ. ಹೋಟೆಲಿನವನು ಸಿಂಹ ನೋಡಲು ಹೋದರೂ ಅಡಿಗೆಮನೆ ನೋಡದೆ ಬರಲಾರ. ಡೇರೆಗಳು ಒಟ್ಟು ೨೪, ಜನರಿದ್ದುದು ನಾಲ್ಕರಲ್ಲಿ. ಹಿಂದೆ ೫೦ಕ್ಕೂ ಹೆಚ್ಚು ನೌಕರರಿದ್ದಲ್ಲಿ ಈಗ ೧೭. ಕೋಣೆ ಗುಡಿಸುವವನೇ ಬಡಿಸುತ್ತಿದ್ದ. ಬಡಿಸಿದವನೇ ರಾತ್ರಿ ದೀಪ ಹಿಡಿದು ಡೇರೆಯವರೆಗೆ ಕಳುಹಿಸಿಕೊಡುತ್ತಿದ್ದ. ಬೀಗ ಹಾಕಿದ ಡೇರೆಗಳ ಮೇಲೆ ಮಂಗಗಳು ಸಂಸಾರ ಹೂಡಿದ್ದುವು.

ನಾವು ಸಸ್ಯಾಹಾರಿಗಳೆಂದು ತಿಳಿದು ಅಡಿಗೆಯವನು ಎರಡು ದಿನ ಅಲೂಗಡ್ಡೆಯನ್ನೇ ನಾನಾ ವೇಷಗಳಲ್ಲಿ ಬಡಿಸಿದ. ಮೂರನೆಯ ರಾತ್ರಿ ನಾವು ಅಡಿಗೆಮನೆಗೇ ಹೋಗಿ, ನೀವುಗಳು ಏನನ್ನು ಉಣ್ಣುತ್ತೀರೋ ಅದನ್ನೇ ಕೊಡಿರೆಂದೆವು. ಬಿಳಿ ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಮಾಡುವ ಉಗಾಲಿ. ಸಾಕ್ಷಾತ್ ರಾಗಿಮುದ್ದೆಯ ತಮ್ಮ. ಅದಕ್ಕೆ ಈರುಳ್ಳಿ ಟೊಮೇಟೊ ಹಾಕಿ ಬಾಡಿಸಿದ ಸೊಪ್ಪು. ಆ ಸೊಪ್ಪಿನ ಹೆಸರು ಸುಕುಮ ವಿಕಿ. ಅರ್ಥವೇನೆಂದು ಕೇಳಿದೆವು. “ವಾರವನ್ನು ತಳ್ಳು” ಎಂದರ್ಥವಂತೆ. ಕೈಯಲ್ಲಿ ಕಾಸಿಲ್ಲದಾಗ ಮುಂದಿನ ಬಟವಾಡೆಯವರೆಗೆ ವಾರವನ್ನು ತಳ್ಳುವ ಸೊಪ್ಪು. ತಿಂಗಳ ಕೊನೆಯ ವಾರವನ್ನು ತಳ್ಳಿ ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಉಂಡ ಮೇಲೆ ಅಡಿಗೆಯವನು ಸ್ಟೂಲೆಳೆದು ಕುಳಿತ. ಕೀಸೀ ಎಂಬ ಗುಡ್ಡಗಾಡಿನವನು. ಚಹಾ, ಬಾಳೆ ಬೆಳೆಯುವ ಸೀಮೆ. ೨೦೨೦ರ ಮಾರ್ಚ್ ಕೊನೆಯಲ್ಲಿ ಅವನನ್ನು ಅರ್ಧ ತಿಂಗಳ ಸಂಬಳ ಕೊಟ್ಟು ಊರಿಗೆ ಕಳುಹಿಸಿದರು. ಮರಳಿ ಕರೆದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಶಿಬಿರದ ವ್ಯವಸ್ಥಾಪಕರೂ ಬಂದು ಕುಳಿತರು. ಇದೂ ಒಂದು ಹೋಟೆಲಿನ ಮಾತಾದ್ದರಿಂದ ನಾವು ಸಲಿಗೆಯಿಂದ ಕೇಳಿದೆವು, ಇಷ್ಟು ಕಾಲ ಹೇಗೆ ಉಳಿದಿರಿ? ಅವರು ಮುಚ್ಚುಮರೆಯಿಲ್ಲದೆ ಹೇಳಿದರು: “ಮುಂಗಡ ಕಟ್ಟಿದ್ದವರಿಗೆ ಹಣ ಹಿಂದಿರುಗಿಸಲಿಲ್ಲ. ಹಿಂದಿರುಗಿಸಿದ್ದರೆ ಅಂದೇ ಮುಚ್ಚುತ್ತಿದ್ದೆವು. ಕಾವಲಿಗೆ ಉಳಿದ ಹನ್ನೊಂದು ಮಂದಿಗೆ ಅದರಿಂದಲೇ ಅರ್ಧ ಸಂಬಳ ಕೊಟ್ಟೆವು. ನಿಮ್ಮಂಥವರ ಹಣವೇ ಅದು.”

ನಮಗೆ ಏನೆನ್ನಬೇಕೋ ತೋರಲಿಲ್ಲ. ಆಗ ಅಡಿಗೆಯವನು, ನಾವೂ ಹೋಟೆಲಿನವರೆಂದು ಚಾಲಕರಿಂದ ತಿಳಿದಿದ್ದವನು, ಬಹಳ ಸಹಜವಾಗಿ ಕೇಳಿದ: “ನಿಮ್ಮ ಹುಡುಗರು ಏನಾದರು?”

“ಊರಿಗೆ ಹೋದರು” ಎಂದೆವು.

“ಮರಳಿ ಬಂದರೆ?”

“ಒಂಬತ್ತು ಮಂದಿ ಬಂದರು.”

“ಉಳಿದವರು?”

ಈ ಕೊನೆಯ ಪ್ರಶ್ನೆಯನ್ನು ಮಗಳು ಕನ್ನಡಕ್ಕೆ ತಿರುಗಿಸುವ ಅಗತ್ಯವಿರಲಿಲ್ಲ. ಆದರೂ ತಿರುಗಿಸಿದಳು. ಉಳಿದ ಹದಿಮೂರು ಮಂದಿ ಏನಾದರೆಂದು ನಮಗೆ ತಿಳಿದಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಒಬ್ಬಿಬ್ಬರು ಫೋನು ಮಾಡಿದ್ದಾಗ ಬಾಕಿ ಸಂಬಳದ ಮಾತು ಬಂದೀತೆಂದು ನಾವೇ ಎತ್ತಿರಲಿಲ್ಲ. ಡೇರೆಗೆ ಮರಳುವಾಗ ಮಗಳು, “ಅಪ್ಪ, ಈ ಮುಂಗಡ ಕಟ್ಟದಿದ್ದರೆ ಆಗ ಅವರಿಗೆ ಕೊಡುತ್ತಿದ್ದಿರಾ?” ಎಂದು ಕೇಳಿದಳು. “ಕೊಡುತ್ತಿದ್ದೆವು” ಎಂದು ಹೇಳಲು ಬಾಯಿ ತೆರೆದೆವು. ಅದು ನಿಜವೆಂದು ನಮಗೇ ಖಾತ್ರಿಯಾಗಲಿಲ್ಲ. ಆ ರಾತ್ರಿ ದೂರದಲ್ಲಿ ಸಿಂಹ ಗರ್ಜಿಸಿತು. ಮಗನನ್ನು ಎಬ್ಬಿಸಿ ಕೇಳಿಸಿದೆವು. ನಮಗೆ ನಿದ್ರೆ ಬಾರದಿದ್ದುದಕ್ಕೆ ಸಿಂಹ ಕಾರಣವಲ್ಲ.

೧೮ರಂದು ನೈರೋಬಿಗೆ ಮರಳಿದೆವು. ಮರುಪ್ರಯಾಣಕ್ಕೆ ಮತ್ತೆ ಪರೀಕ್ಷೆ. ೧೯ರಂದು ಮೂಗು ಕೊಟ್ಟೆವು. ಮೂವರ ವರದಿ ಅಂದೇ ಬಂತು, ಮಗನದು ಬರಲಿಲ್ಲ. ಅವನಿಗೆ ಮಾರಾದ ಚಳಿಗೆ ನೆಗಡಿಯಾಗಿತ್ತು. ಅವನೊಬ್ಬನಿಗೆ ರೋಗವೆಂದಾದರೆ ಹದಿನಾಲ್ಕು ದಿನ ಪರದೇಶದಲ್ಲಿ ಕಟ್ಟುಬೀಳಬೇಕು. ಕೈಯಲ್ಲಿದ್ದ ಹಣ ನಾಲ್ಕು ದಿನಕ್ಕೂ ಸಾಲದು. ಮರುದಿನ ಅವರ ಮಶುಜಾ, ಅಂದರೆ ವೀರರ ದಿನ. ರಾತ್ರಿ ೧೦ರಿಂದ ೪ರವರೆಗಿನ ಕರ್ಫ್ಯೂ ಇನ್ನೂ ಇದ್ದುದರಿಂದ ತಂಗಿದ್ದಲ್ಲಿಯ ಊಟದ ಮನೆಯನ್ನು ಎಂಟಕ್ಕೇ ಮುಚ್ಚುತ್ತಿದ್ದರು. ಮಾಣಿಗಳು ಹತ್ತರೊಳಗೆ ಮನೆ ಸೇರಬೇಕು. ಮಧ್ಯಾಹ್ನ ದೂರದರ್ಶನದಲ್ಲಿ ಅಧ್ಯಕ್ಷ ಉಹುರು ಕೆನ್ಯಾಟಾರವರ ಭಾಷಣ ಬರುತ್ತಿತ್ತು. ೨೦೨೦ರ ಮಾರ್ಚ್‌ನಿಂದ ಇದ್ದ ಕರ್ಫ್ಯೂವನ್ನು ಈ ಕ್ಷಣದಿಂದ ತೆಗೆದಿದೆಯೆಂದು ಅವರು ಸಾರಿದೊಡನೆ ಅಡಿಗೆಮನೆಯಿಂದ ಪಾತ್ರೆ ಬಡಿಯುವ ಸದ್ದು ಕೇಳಿಸಿತು. ಒಬ್ಬ ಮಾಣಿ ತಟ್ಟೆಯನ್ನು ನೆತ್ತಿಯ ಮೇಲಿಟ್ಟು ಕುಣಿದ. ಸಂಜೆ ಆರಕ್ಕೆ ಮಗನ ವರದಿ ಬಂತು, ರೋಗವಿಲ್ಲ. ರಾತ್ರಿ ಹನ್ನೊಂದರವರೆಗೆ ಬೀದಿಯಲ್ಲಿ ಬಾಡಿಗೆ ವ್ಯಾನುಗಳ ಹಾರ್ನು ಕೇಳುತ್ತಲೇ ಇತ್ತು. ೨೧ರಂದು ಮುಂಬಯಿಯಲ್ಲಿ ಇಳಿದಾಗ ಭಾರತದಲ್ಲಿ ನೂರು ಕೋಟಿ ಲಸಿಕೆ ಪೂರೈಸಿದ ಸುದ್ದಿ ಎಲ್ಲರ ಬಾಯಲ್ಲಿತ್ತು.

ಒಂದು ತಿಂಗಳು ಕಳೆದಿತ್ತಷ್ಟೆ. ನವೆಂಬರ್ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ತಳಿಯನ್ನು ಪ್ರಾಮಾಣಿಕವಾಗಿ ಜಗತ್ತಿಗೆ ತಿಳಿಸಿದರು. ಜಗತ್ತು ಆ ಭಾಗದ ದೇಶಗಳಿಗೆ ಬಾಗಿಲು ಹಾಕಿಕೊಂಡಿತು. ಕೀನ್ಯಾ ಆ ಪಟ್ಟಿಗಳಲ್ಲಿ ಎಲ್ಲೆಡೆಯೂ ಇರಲಿಲ್ಲ, ಆದರೆ ಭಯಕ್ಕೆ ಭೂಗೋಳ ತಿಳಿಯದು. “ಕ್ರಿಸ್‌ಮಸ್‌ಗೆ ಬರಬೇಕಾದವರು ಬರುವುದಿಲ್ಲವಂತೆ. ಕೋಳಿಗಳು ಮತ್ತೆ ಗಾಡಿಯ ಮೇಲೆ” ಎಂದು ಚಾಲಕರು ಮಗಳ ಫೋನಿಗೆ ಬರೆದರು. ಈಗ ಅಲ್ಲಿ ಜನಸಂದಣಿ ಮರಳಿದೆ. ೨೦೨೪ರಿಂದ ವಿದೇಶೀಯರಿಗೆ ಮಾರಾದ ಪ್ರವೇಶ ಶುಲ್ಕ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ ೨೦೦ ಡಾಲರು. ನಾವು ಕೊಟ್ಟದ್ದು ಅದರ ಅರ್ಧಕ್ಕಿಂತ ಕಡಿಮೆ. ಇಂದಾದರೆ ನಮ್ಮ ಕೈಗೆ ಎಟುಕದು.

ಮರಳಿದ ವಾರ ಹಳೆಯ ಹಾಜರಿ ಪುಸ್ತಕವನ್ನು ತೆಗೆದು ಕುಳಿತೆವು. ಏಪ್ರಿಲಿನ ಉಳಿದರ್ಧ ಮತ್ತು ಮೇ ತಿಂಗಳದು ಲೆಕ್ಕ ಹಾಕಿ, ೨೨ ಮಂದಿಗೂ ಎಂಟು ತಿಂಗಳಲ್ಲಿ ಕಂತುಕಂತಾಗಿ ಸಲ್ಲಿಸಿದೆವು. ಇದು ದಾನವಲ್ಲ, ಬಾಕಿ. ತಡವಾದ ಬಾಕಿ. ಒಬ್ಬ ಸಪ್ಲಾಯರು, “ಧಣಿಗಳೆ, ಬಡ್ಡಿ ಎಲ್ಲಿ?” ಎಂದು ನಗುತ್ತ ಕೇಳಿದ, ಅದು ಪೂರ್ತಿ ನಗೆಯಾಗಿರಲಿಲ್ಲ. ಭಟ್ಟರು ಬೈಂದೂರಿನ ಕಡೆ ರಸ್ತೆಬದಿಯಲ್ಲಿ ಗೂಡಂಗಡಿ ಹಾಕಿದ್ದಾರೆ. ಬನ್ಸು, ಗೋಳಿಬಜೆ ಚೆನ್ನಾಗಿ ಖರ್ಚಾಗುತ್ತದೆಯಂತೆ. ಮತ್ತೆ ಬರಲು ಒಪ್ಪಲಿಲ್ಲ. ಇನ್ನೊಬ್ಬನ ಫೋನನ್ನು ಅವನ ಹೆಂಡತಿ ಎತ್ತಿದರು. ಅವನು ೨೦೨೧ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದ. ಹನ್ನೊಂದು ವರ್ಷ ನಮ್ಮಲ್ಲಿದ್ದವನು. ಐದು ತಿಂಗಳು ನಮಗೆ ತಿಳಿದಿರಲೇ ಇಲ್ಲ. ಹಣ ಮುಟ್ಟಿದ ದಿನ ಆಕೆ ಫೋನು ಮಾಡಿ, “ಸಿಕ್ಕಿತು” ಎಂದಷ್ಟೇ ಹೇಳಿ ಇಟ್ಟರು.

ಇಬ್ಬರ ಹಣ ಇಂದಿಗೂ ನಮ್ಮಲ್ಲಿಯೇ ಇದೆ. ಒಬ್ಬನು ಬೆಳಗಿನ ಪಾಳಿಯಲ್ಲಿ ಚಹಾ ಹಾಕುತ್ತಿದ್ದ ಎಡಗೈಯವನು, ಸಿದ್ದಾಪುರದ ಕಡೆಯವನು, ೨೦೧೭ರ ಗಣೇಶ ಚೌತಿಯ ಸುಮಾರಿಗೆ ಕೆಲಸಕ್ಕೆ ಸೇರಿದವನು. ಇನ್ನೊಬ್ಬನು ಮೋರಿಯ ಕೆಲಸದಲ್ಲಿದ್ದ ಹುಡುಗ. ರಾತ್ರಿ ಶಾಲೆಗೆ ಹೋಗುತ್ತಿದ್ದ, ಭಾಗವತಿಕೆಯ ಪದಗಳನ್ನು ಚೆನ್ನಾಗಿ ಹೇಳುತ್ತಿದ್ದ. ಇಬ್ಬರ ಫೋನುಗಳೂ ಬದಲಾಗಿವೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೇರೆ ಹೋಟೆಲು ಸೇರಿರಬಹುದು. ಬಲ್ಲವರು ನಮ್ಮ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ವಿನಂತಿ.